ಪಿಎಚ್.ಡಿ. ಆದಮೇಲೆ: ಕಪ್ಪುದ್ರವ್ಯದ ಹುಡುಕಾಟ ಮತ್ತು ನಮ್ಮ ಸೀಮೆಯ ಮಕ್ಕಳು



ಪ್ರತಿ ವರ್ಷ ಮಳೆಗಾಲ ಹಿಂದೆ ಸರಿದು, ನಮ್ಮ ಹಲವಾಗಲು, ಹರಪನಹಳ್ಳಿ ಕಡೆ ಮೆಕ್ಕೆಜೋಳದ ತೆನೆ ಮುರಿಯುವ ದಿನಗಳು ಬರುತ್ತವಲ್ಲ, ಅದೇ ಹೊತ್ತಿಗೆ ಜಗತ್ತಿನ ನಾನಾ ಕಡೆಯ ಭೌತವಿಜ್ಞಾನ ಸಂಸ್ಥೆಗಳು ಒಂದು ಬಗೆಯ ಪ್ರಕಟಣೆ ಹೊರಡಿಸುತ್ತವೆ. ಸೈದ್ಧಾಂತಿಕ ಭೌತವಿಜ್ಞಾನದಲ್ಲಿ ಪಿಎಚ್.ಡಿ. ಮುಗಿಸಿದವರು ಬೇಕಾಗಿದ್ದಾರೆ, ವಿಷಯ ಕಪ್ಪುದ್ರವ್ಯ, ಅಂದರೆ ಡಾರ್ಕ್ ಮ್ಯಾಟರ್, ಅವಧಿ ಎರಡು ವರ್ಷ, ಕೆಲಸ ಚೆನ್ನಾಗಿ ನಡೆದರೆ ಮೂರನೆಯ ವರ್ಷಕ್ಕೂ ಮುಂದುವರಿಕೆ, ತಿಂಗಳಿಗೆ ಇಂತಿಷ್ಟು ವೇತನ. ಇಂಥ ಹುದ್ದೆಗೆ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ ಎಂದು ಹೆಸರು, ಬಾಯಿಮಾತಿನಲ್ಲಿ ಪೋಸ್ಟ್‌ಡಾಕ್. ಬೆಂಗಳೂರಿನ ಸಂಸ್ಥೆಗಳೂ ಕರೆಯುತ್ತವೆ, ಮುಂಬೈ, ಪುಣೆ, ಚೆನ್ನೈಯವೂ ಕರೆಯುತ್ತವೆ, ಜಿನೀವಾ, ಟೋಕಿಯೊದವೂ ಕರೆಯುತ್ತವೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ತಾಲ್ಲೂಕುಗಳಲ್ಲಿ ಬಿ.ಎಸ್ಸಿ. ಓದುವ ಮಕ್ಕಳಲ್ಲಿ ಹೀಗೊಂದು ಕೆಲಸ ಇದೆಯೆಂದು ಕೇಳಿದವರು ಬಹಳ ಕಡಿಮೆ.

ನಮ್ಮ ಹುಡುಗ ಹುಡುಗಿಯರು ಹುದ್ದೆಗಳ ಸುದ್ದಿ ತಿಳಿಯುವುದರಲ್ಲಿ ಹಿಂದುಳಿದವರಲ್ಲ. ಪೊಲೀಸ್ ನೇಮಕಾತಿಯಾಗಲಿ, ಎಫ್.ಡಿ.ಎ. ಆಗಲಿ, ಪ್ರಕಟಣೆ ಬಂದ ದಿನವೇ ಅದು ಎಲ್ಲರ ಮೊಬೈಲಿನಲ್ಲಿ ಓಡಾಡುತ್ತದೆ. ಲೆಕ್ಕದಲ್ಲಿ ಜಾಣರಾದವರೂ ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಈ ಭಾಗದ ಕಾಲೇಜುಗಳಲ್ಲಿ ಭೌತಶಾಸ್ತ್ರ ಪಾಠ ಮಾಡಿಕೊಂಡು ಬಂದ ನನಗೆ ಅದರಲ್ಲಿ ಸಂಶಯವಿಲ್ಲ. ಆದರೂ ಈ ಒಂದು ದಾರಿ ನಮ್ಮೂರ ತನಕ ಬಂದೇ ಇಲ್ಲ. ಬುದ್ಧಿ ಸಾಲದೆ ಹೀಗಾಗಿಲ್ಲ, ಸುದ್ದಿ ಮುಟ್ಟದೆ ಹೀಗಾಗಿದೆ. ಆ ಸುದ್ದಿಯನ್ನು ಮುಟ್ಟಿಸಬೇಕೆಂಬುದೇ ನನ್ನ ಇವತ್ತಿನ ಮಾತಿನ ಆಸೆ.

ಮೊದಲು ಕಪ್ಪುದ್ರವ್ಯದ ಮಾತು. ದೀಪಾವಳಿ ಕಳೆದ ಮೇಲೆ, ಚಂದ್ರನಿಲ್ಲದ ಒಂದು ರಾತ್ರಿ ಒಂಬತ್ತರ ಹೊತ್ತಿಗೆ ಊರ ದೀಪಗಳಿಂದ ದೂರ, ಹೊಲದಲ್ಲಿ ನಿಂತು ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ ನೋಡಿ. ಉತ್ತರಾಭಾದ್ರೆಯ ಚಿಕ್ಕಿಯಿಂದ ಈಶಾನ್ಯಕ್ಕೆ ಸರಿದರೆ ಮಸುಕಾದ ಒಂದು ಬೆಳಕಿನ ಮಚ್ಚೆ ಕಾಣುತ್ತದೆ. ನೇರವಾಗಿ ದಿಟ್ಟಿಸಿದರೆ ಮಾಯವಾಗುತ್ತದೆ, ಕಣ್ಣನ್ನು ಕೊಂಚ ಓರೆ ಮಾಡಿದರೆ ಮತ್ತೆ ಕಾಣುತ್ತದೆ. ಅದು ಆಂಡ್ರೊಮಿಡಾ ಗೆಲಾಕ್ಸಿ. ನಮ್ಮಿಂದ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರ. ಬೆಂಗಳೂರಿನವರಿಗೆ ಬರಿಗಣ್ಣಿಗೆ ಸಿಗದ ಈ ನೋಟ ನಮ್ಮ ಹೊಲಗಳಲ್ಲಿ ಇನ್ನೂ ಸಿಗುತ್ತದೆ.

ಅಮೆರಿಕದ ಖಗೋಳವಿಜ್ಞಾನಿ ವೆರಾ ರೂಬಿನ್ ಅವರು ತಮ್ಮ ಸಹೋದ್ಯೋಗಿ ಕೆಂಟ್ ಫೋರ್ಡ್ ಜೊತೆ ಸೇರಿ ಇದೇ ಆಂಡ್ರೊಮಿಡಾದೊಳಗಿನ 67 ಹೊಳೆಯುವ ಅನಿಲಮೋಡಗಳನ್ನು ಆರಿಸಿಕೊಂಡು, ಒಂದೊಂದೂ ಗೆಲಾಕ್ಸಿಯ ನಡುವನ್ನು ಎಷ್ಟು ವೇಗದಲ್ಲಿ ಸುತ್ತುತ್ತಿದೆ ಎಂದು ಅಳೆದರು. ಫಲಿತಾಂಶ 1970ರಲ್ಲಿ ಪ್ರಕಟವಾಯಿತು. ನಮ್ಮ ಸೌರಮಂಡಲದಲ್ಲಿ ಸೂರ್ಯನಿಗೆ ಹತ್ತಿರದ ಬುಧ ಸೆಕೆಂಡಿಗೆ 47 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ, ಭೂಮಿ 30, ದೂರದ ನೆಪ್ಚೂನ್ ಐದು ಚಿಲ್ಲರೆ. ಸೂರ್ಯನಿಂದ ದೂರ ಹೋದಷ್ಟೂ ಸೆಳೆತ ಕಡಿಮೆ, ಹಾಗಾಗಿ ವೇಗವೂ ಕಡಿಮೆ. ಗೆಲಾಕ್ಸಿಯಲ್ಲೂ ಹಾಗೆಯೇ ಇರಬೇಕಿತ್ತು. ಇರಲಿಲ್ಲ. ಅಂಚಿನ ಕಡೆಗೆ ಹೋದರೂ ವೇಗ ತಗ್ಗುವ ಲಕ್ಷಣ ಕಾಣಲಿಲ್ಲ.

ಜೋಳದ ಹೊಲ ಕಾಯುತ್ತ ಕವಣೆ ಬೀಸಿದವರಿಗೆ ಇದರ ಅರ್ಥ ಬೇಗ ಹೊಳೆಯುತ್ತದೆ. ಕಲ್ಲು ಜೋರಾಗಿ ತಿರುಗಿದಷ್ಟೂ ಹಗ್ಗ ಕೈಯನ್ನು ಜಗ್ಗುತ್ತದೆ, ನಾವೂ ಅಷ್ಟೇ ಬಿಗಿಯಾಗಿ ಹಿಡಿಯಬೇಕು. ಹಿಡಿತ ಬಿಟ್ಟರೆ ಕಲ್ಲು ಹಾರಿಹೋಗುತ್ತದೆ. ಗೆಲಾಕ್ಸಿಯ ಅಂಚಿನ ನಕ್ಷತ್ರಗಳು ಅಷ್ಟು ಜೋರಾಗಿ ಸುತ್ತುತ್ತಿದ್ದರೂ ಹಾರಿಹೋಗದೆ ಉಳಿದಿವೆ ಎಂದರೆ ಅವನ್ನು ಯಾವುದೋ ಬಿಗಿಯಾಗಿ ಹಿಡಿದಿರಲೇಬೇಕು. ಕಣ್ಣಿಗೆ ಕಾಣುವ ನಕ್ಷತ್ರ, ಅನಿಲ, ಧೂಳು ಎಲ್ಲವನ್ನೂ ಕೂಡಿಸಿದರೂ ಆ ಹಿಡಿತಕ್ಕೆ ಸಾಲದು. ಇದಕ್ಕೂ ಮೊದಲೇ, 1933ರಲ್ಲಿ, ಕೋಮಾ ಎಂಬ ಗೆಲಾಕ್ಸಿಗಳ ಗುಂಪನ್ನು ಅಳೆದ ಫ್ರಿಟ್ಸ್ ಜ್ವಿಕಿ ಇದೇ ಮಾತು ಹೇಳಿದ್ದರು. ಆಗ ಹೆಚ್ಚು ಜನ ಕಿವಿಗೊಡಲಿಲ್ಲ. ರೂಬಿನ್ ಅವರ ಅಳತೆಯಾದ ಮೇಲೆ ಕಿವಿಗೊಡದೆ ವಿಧಿಯಿರಲಿಲ್ಲ.

ಬೆಳಕು ಚೆಲ್ಲದ, ಬೆಳಕನ್ನು ತಡೆಯದ, ತೂಕ ಮಾತ್ರ ಇರುವ ಆ ವಸ್ತುವೇ ಕಪ್ಪುದ್ರವ್ಯ. ಪ್ಲ್ಯಾಂಕ್ ಉಪಗ್ರಹದ ಅಳತೆಗಳ ಪ್ರಕಾರ ವಿಶ್ವದ ಒಟ್ಟು ಲೆಕ್ಕದಲ್ಲಿ ನೀವು, ನಾನು, ತುಂಗಭದ್ರೆ, ಸೂರ್ಯ, ಕಾಣುವ ನಕ್ಷತ್ರಗಳೆಲ್ಲ ಸೇರಿದ ಮಾಮೂಲಿ ದ್ರವ್ಯದ ಪಾಲು ಶೇಕಡಾ 5ರಷ್ಟು ಮಾತ್ರ. ಕಪ್ಪುದ್ರವ್ಯದ ಪಾಲು ಶೇಕಡಾ 27ರ ಹತ್ತಿರ. ಉಳಿದದ್ದು ಕಪ್ಪುಶಕ್ತಿ, ಅದರ ಕಥೆಯೇ ಬೇರೆ, ಇವತ್ತು ಬೇಡ.

ಇಷ್ಟೊಂದು ಇದ್ದರೆ ನಮ್ಮ ಸುತ್ತಲೂ ಇರಬೇಕಲ್ಲ ಎಂದು ಕೇಳಬಹುದು. ಇದೆ. ಎಷ್ಟಿದೆ ಎಂಬುದನ್ನು ಬಿ.ಎಸ್ಸಿ. ಓದುವ ಯಾರೇ ಆದರೂ ಒಂದು ಹಾಳೆಯಲ್ಲಿ ಲೆಕ್ಕ ಹಾಕಬಹುದು. ನಮ್ಮ ಗೆಲಾಕ್ಸಿಯಲ್ಲಿ ಸೂರ್ಯನಿರುವ ಜಾಗದಲ್ಲಿ ಒಂದು ಘನ ಸೆಂಟಿಮೀಟರಿಗೆ ಕಪ್ಪುದ್ರವ್ಯ ಸರಿಸುಮಾರು ಒಂದು ಹೈಡ್ರೋಜನ್ ಪರಮಾಣುವಿನ ತೂಕದ ಮೂರನೆಯ ಒಂದು ಪಾಲಿನಷ್ಟು. ಭೂಮಿಯ ಗಾತ್ರ ಒಂದು ಲಕ್ಷ ಕೋಟಿ ಘನ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಗುಣಿಸಿ ನೋಡಿ: ಇಡೀ ಭೂಮಿ ತುಂಬಿಕೊಂಡಿರುವ ಜಾಗದೊಳಗೆ ಈ ಗಳಿಗೆಯಲ್ಲಿ ಇರುವ ಕಪ್ಪುದ್ರವ್ಯ ಅರ್ಧ ಕಿಲೋದಿಂದ ಮುಕ್ಕಾಲು ಕಿಲೋ! ಅಷ್ಟೇ. ಗೆಲಾಕ್ಸಿಯ ನಕ್ಷತ್ರಗಳ ನಡುವೆ ಖಾಲಿ ಜಾಗ ಅಪಾರವಾಗಿರುವುದರಿಂದ ಅಲ್ಲೆಲ್ಲ ತೆಳುವಾಗಿ ಹರಡಿದ್ದೇ ಕೂಡಿ ನಕ್ಷತ್ರಗಳನ್ನು ಮೀರಿಸುತ್ತದೆ. ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಕಪ್ಪುದ್ರವ್ಯದ ಒಂದೊಂದು ಕಣವೂ ನೂರು ಪ್ರೋಟಾನಿನಷ್ಟು ತೂಕದ್ದು ಎಂದು ಇಟ್ಟುಕೊಂಡರೆ, ಒಂದು ಲೀಟರ್ ತಂಬಿಗೆಯಲ್ಲಿ ಸರಾಸರಿ ಮೂರು ಕಣಗಳಿರುತ್ತವೆ. ಸೂರ್ಯ ನಮ್ಮನ್ನೆಲ್ಲ ಕರೆದುಕೊಂಡು ಗೆಲಾಕ್ಸಿಯಲ್ಲಿ ಸೆಕೆಂಡಿಗೆ ಇನ್ನೂರು ಚಿಲ್ಲರೆ ಕಿಲೋಮೀಟರ್ ವೇಗದಲ್ಲಿ ಸಾಗುತ್ತಿರುವುದರಿಂದ, ನಿಮ್ಮ ಹೆಬ್ಬೆರಳಿನ ಉಗುರನ್ನು ಸೆಕೆಂಡಿಗೆ ಹತ್ತಾರು ಸಾವಿರ ಕಣಗಳು ಹಾದುಹೋಗುತ್ತವೆ. ಒಂದೂ ತಾಗುವುದಿಲ್ಲ.

ಈಗ ಮಾಡಿದೆವಲ್ಲ, ಇದೇ ಸೈದ್ಧಾಂತಿಕ ಭೌತವಿಜ್ಞಾನದ ಮೊದಲ ಮೆಟ್ಟಿಲು. ಕಣ ನೂರು ಪ್ರೋಟಾನಿನ ತೂಕದ್ದು ಎಂದು ನಾನು ಇಟ್ಟುಕೊಂಡೆ. ಅದು ಹಾಗೆಯೇ ಇರಬೇಕೆಂದೇನಿಲ್ಲ. ಎಲೆಕ್ಟ್ರಾನಿಗಿಂತ ಕೋಟಿ ಕೋಟಿ ಪಾಲು ಹಗುರವಾಗಿರಬಹುದು, ವಿಶ್ವದ ಹುಟ್ಟಿನಲ್ಲೇ ಮೂಡಿದ ಕಿರು ಕಪ್ಪುಕುಳಿಗಳೇ, ಅಂದರೆ ಬ್ಲ್ಯಾಕ್ ಹೋಲ್‌ಗಳೇ, ಆಗಿರಬಹುದು. ಪೋಸ್ಟ್‌ಡಾಕ್ ಆಗಿ ಸೇರಿದವರು ಮಾಡುವುದು ಇಂಥ ಒಂದು ಊಹೆಯನ್ನು ಹಿಡಿದು ಕೊನೆಯ ತನಕ ಹೋಗುವ ಕೆಲಸ. ಅದು ನಿಜವಾದರೆ ನ್ಯೂಟ್ರಾನ್ ನಕ್ಷತ್ರದ ಬಿಸಿ ಎಷ್ಟು ಹೆಚ್ಚಬೇಕು? ಗೆಲಾಕ್ಸಿಯ ನಡುವಿನಿಂದ ಎಷ್ಟು ಗಾಮಾ ಕಿರಣ ಬರಬೇಕು? ಬರುತ್ತಿರುವುದೆಷ್ಟು? ತಾಳೆ ಬಿದ್ದರೆ ಮುಂದೆ, ಬೀಳದಿದ್ದರೆ ಆ ಊಹೆಗೆ ಗೀಟು ಎಳೆದು ಬೇರೊಂದು. ಗೀಟು ಎಳೆಯುವುದೂ ಇಲ್ಲಿ ಗೌರವದ ಕೆಲಸವೇ. 2008ರಲ್ಲಿ ಹಾರಿದ ಫರ್ಮಿ ದೂರದರ್ಶಕದ ಗಾಮಾ ಕಿರಣಗಳ ದತ್ತಾಂಶ, ಪ್ಲ್ಯಾಂಕಿನ ದತ್ತಾಂಶ ಎಲ್ಲವೂ ಸಾರ್ವಜನಿಕ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಹಣ ಕೊಡಬೇಕಿಲ್ಲ. ಹೊಸ ಸಂಶೋಧನಾ ಲೇಖನಗಳು 1991ರಲ್ಲಿ ಶುರುವಾದ ಆರ್ಕೈವ್ ಎಂಬ ಭಂಡಾರದಲ್ಲಿ ಪ್ರತಿದಿನ ಬಿಟ್ಟಿಯಾಗಿ ಸಿಗುತ್ತವೆ. ಕೋಟ್ಯಂತರ ರೂಪಾಯಿಯ ಯಂತ್ರವಿಲ್ಲದೆ, ಗಣಿತ, ಕಂಪ್ಯೂಟರು, ಪಟ್ಟು ಹಿಡಿದು ಕೂರುವ ಸ್ವಭಾವ ಇವಿಷ್ಟರಿಂದ ಜಗತ್ತಿನ ದೊಡ್ಡದೊಂದು ಪ್ರಶ್ನೆಗೆ ಕೈಹಾಕಲು ಬರುವುದು ಇಂಥ ಕೆಲವೇ ಕ್ಷೇತ್ರಗಳಲ್ಲಿ.

ಇದೆಲ್ಲ ಅಮೆರಿಕದ ಮಾತು, ನಮಗೇನು ಸಂಬಂಧ ಎನ್ನುವವರಿಗೆ ಒಂದು ಕಥೆ ಹೇಳಬೇಕು. ಕಪ್ಪುದ್ರವ್ಯದ ಇತಿಹಾಸದಲ್ಲಿ ಕನ್ನಡ ನಾಡಿನ ಮಣ್ಣೂ ಇದೆ, ಇಲ್ಲಿ ಓದಿದ ಒಬ್ಬರ ಹೆಸರೂ ಇದೆ.

ಮಣ್ಣಿನ ಮಾತು ಮೊದಲು. ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಬ್ರಿಟನ್ನಿನ ಡರ್‍ಹ್ಯಾಮ್ ಮತ್ತು ಜಪಾನಿನ ಒಸಾಕಾ ವಿಜ್ಞಾನಿಗಳ ಜೊತೆ ಸೇರಿ ಉಪಕರಣಗಳನ್ನು ಹೂಡಿದ್ದರು. ಮೇಲಿನ ಬಂಡೆಯೆಲ್ಲ ಬೇರೆ ಕಣಗಳನ್ನು ತಡೆದು ನಿಲ್ಲಿಸುತ್ತದೆ. ನ್ಯೂಟ್ರಿನೊ ಎಂಬ ಕಣ ಮಾತ್ರ ಬಂಡೆಯನ್ನೂ ದಾಟಿ ಬರುತ್ತದೆ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತನ್ನು ಅವರು 1965ರಲ್ಲಿ ಅಲ್ಲಿ ಕಂಡರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲೂ ಅದು ಕಂಡಿತು. ಜಗತ್ತಿನಲ್ಲಿ ಈ ಎರಡು ಗಣಿಗಳಲ್ಲಿ ಕಂಡದ್ದೇ ಮೊದಲು.

ಇನ್ನು ಹೆಸರು. ರಾಮನಾಥ ಕೌಶಿಕ್ 1940ರಲ್ಲಿ ನಾಗಪುರದಲ್ಲಿ ಹುಟ್ಟಿದವರು. ಬಿ.ಎಸ್ಸಿ. ಓದಿದ್ದು ಮೈಸೂರು ವಿಶ್ವವಿದ್ಯಾಲಯದಲ್ಲಿ, ಎಂ.ಎಸ್ಸಿ. ಪಡೆದದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ, 1960ರಲ್ಲಿ. ಆಮೇಲೆ ಟಾಟಾ ಸಂಸ್ಥೆ ಸೇರಿ ವಿಶ್ವಕಿರಣಗಳ ಮೇಲೆ ಪಿಎಚ್.ಡಿ. ಮಾಡಿದರು. ಎಪ್ಪತ್ತರ ದಶಕದ ಮೊದಲಲ್ಲಿ ಅವರು ಅಮೆರಿಕದ ಬರ್ಕ್ಲಿಯಲ್ಲಿದ್ದಾಗ ಮೆಕ್ಲೆಲಂಡ್ ಎಂಬವರೊಂದಿಗೆ ಒಂದು ಪ್ರಶ್ನೆ ಎತ್ತಿದರು. ವಿಶ್ವದ ಹುಟ್ಟಿನ ಬಿಸಿಯಲ್ಲಿ ಎಣಿಸಲಾರದಷ್ಟು ನ್ಯೂಟ್ರಿನೊಗಳು ಮೂಡಿರಬೇಕು, ಅವು ಇಂದಿಗೂ ಎಲ್ಲೆಡೆ ತುಂಬಿರಬೇಕು. ಆಗ ಎಲ್ಲರೂ ನ್ಯೂಟ್ರಿನೊಗೆ ತೂಕವೇ ಇಲ್ಲ ಎಂದುಕೊಂಡಿದ್ದ ಕಾಲ. ಅದಕ್ಕೆ ಚೂರು ತೂಕ ಇದ್ದುಬಿಟ್ಟರೆ? 1972ರ ಲೇಖನದಲ್ಲಿ ಅವರು ವಿಶ್ವದ ಹಿಗ್ಗುವಿಕೆಯನ್ನೇ ತಕ್ಕಡಿಯಾಗಿಸಿ, ಆ ತೂಕ, ಕಣಗಳನ್ನು ತೂಗುವ ಮಾನದಲ್ಲಿ, 8 ಎಲೆಕ್ಟ್ರಾನ್ ವೋಲ್ಟನ್ನು ಮೀರಲಾರದು ಎಂದು ತೋರಿಸಿದರು. ಮರುವರ್ಷ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅಂಥ ನ್ಯೂಟ್ರಿನೊಗಳ ಮೋಡವೇ ಕೋಮಾದಂಥ ಗೆಲಾಕ್ಸಿ ಗುಂಪುಗಳನ್ನು ಹಿಡಿದಿಟ್ಟಿರಬಹುದು ಎಂದರು. ಕಾಣದ ಆ ತೂಕ ಮಾಮೂಲಿ ಪರಮಾಣುಗಳದ್ದಲ್ಲ, ವಿಶ್ವದ ಬಾಲ್ಯದಿಂದ ಉಳಿದು ಬಂದ ಬೇರೊಂದು ಕಣದ್ದು ಎಂಬ ವಿಚಾರವನ್ನು ಮೊದಲಾಗಿ ಮುಂದಿಟ್ಟವರಲ್ಲಿ ಅವರು ಸೇರುತ್ತಾರೆ.

ನ್ಯೂಟ್ರಿನೊವೇ ಕಪ್ಪುದ್ರವ್ಯವಾಗಲಿಲ್ಲ. ಅದು ತೀರ ಹಗುರ, ತೀರ ವೇಗ. ಗೆಲಾಕ್ಸಿಗಳನ್ನು ಕಟ್ಟುವಷ್ಟು ಒಂದೆಡೆ ನಿಲ್ಲುವುದಿಲ್ಲ. ಅದಕ್ಕೆ ತೂಕವಿದೆ ಎಂಬುದು ಮಾತ್ರ 1998ರಲ್ಲಿ ಜಪಾನಿನ ಪ್ರಯೋಗದಿಂದ ಖಚಿತವಾಯಿತು. ಆದರೆ ಕೌಶಿಕ್ ಮತ್ತು ಮೆಕ್ಲೆಲಂಡ್ ಹಾಕಿಕೊಟ್ಟ ಲೆಕ್ಕದ ಹಾದಿ ಉಳಿಯಿತು. ಒಂದು ಕಣವನ್ನು ಊಹಿಸಿ, ವಿಶ್ವದ ಹುಟ್ಟಿನಲ್ಲಿ ಅದು ಎಷ್ಟು ಮೂಡಿ ಎಷ್ಟು ಉಳಿದಿರಬೇಕು ಎಂದು ಎಣಿಸುವ ಆ ಕ್ರಮವನ್ನು ಕಪ್ಪುದ್ರವ್ಯದ ಯಾವ ಸಿದ್ಧಾಂತಿಯೂ ಇವತ್ತಿಗೂ ಬಿಟ್ಟಿಲ್ಲ. ಕೌಶಿಕ್ ಮುಂದೆ ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು; ಲಡಾಖಿನ ಹಾನ್ಲೆಯಲ್ಲಿ ದೂರದರ್ಶಕ ಏರಿದ್ದು ಅವರ ಕಾಲದಲ್ಲಿ. ನಮ್ಮ ಕಡೆಯವರು ಎಂ.ಎಸ್ಸಿ. ಓದಲು ಹೋಗುತ್ತಿದ್ದ ಧಾರವಾಡದ ಅದೇ ವಿಶ್ವವಿದ್ಯಾಲಯದ ಪದವಿ ಹಿಡಿದು ಹೊರಟವರು ಅವರು ಎಂಬುದನ್ನು ನಾನು ತರಗತಿಯಲ್ಲಿ ಹೇಳದೆ ಬಿಟ್ಟದ್ದಿಲ್ಲ.

ಕೋಲಾರದ ಕಥೆಗೆ ಒಂದು ಬಾಲಂಗೋಚಿ ಇದೆ. ಅಲ್ಲಿನ ಉಪಕರಣಗಳಲ್ಲಿ ಯಾವ ವಿವರಣೆಗೂ ಸಿಗದ ಕೆಲವೇ ಕೆಲವು ಗುರುತುಗಳು ದಾಖಲಾಗಿದ್ದವು. 2014ರಲ್ಲಿ ಚೆನ್ನೈಯ ಗಣಿತ ವಿಜ್ಞಾನ ಸಂಸ್ಥೆಯ ಎಂ.ವಿ.ಎನ್. ಮೂರ್ತಿ ಮತ್ತು ಜಿ. ರಾಜಶೇಖರನ್ ಅವರು, ಇವು ಕಪ್ಪುದ್ರವ್ಯದ ಕಣಗಳು ಒಡೆದುಹೋದ ಗುರುತುಗಳಿರಬಹುದೇ ಎಂದು ಒಂದು ಲೇಖನದಲ್ಲಿ ಕೇಳಿದರು. ಅದು ಸಾಬೀತಾದ ಸಂಗತಿಯಲ್ಲ. ಗಣಿ 2001ರಲ್ಲೇ ಮುಚ್ಚಿದೆ, ಅಲ್ಲಿ ಮತ್ತೆ ಅಳೆಯುವಂತಿಲ್ಲ. ನಮ್ಮದೇ ನಾಡಿನ ಅಷ್ಟು ಆಳದ ಪ್ರಯೋಗಶಾಲೆ ಕೈಬಿಟ್ಟುಹೋಯಿತಲ್ಲ ಎಂಬ ಸಂಕಟ ನನಗೆ ಈಗಲೂ ಇದೆ. ಅಮೆರಿಕದ ದಕ್ಷಿಣ ಡಕೋಟಾದಲ್ಲಿ ಮುಚ್ಚಿದ ಇನ್ನೊಂದು ಚಿನ್ನದ ಗಣಿಯಲ್ಲಿ, ಸುಮಾರು ಒಂದೂವರೆ ಕಿಲೋಮೀಟರ್ ಆಳದಲ್ಲಿ, ಹತ್ತು ಟನ್ ದ್ರವ ಝೆನಾನ್ ತುಂಬಿಟ್ಟು ಕಪ್ಪುದ್ರವ್ಯದ ಒಂದೇ ಒಂದು ತಾಗುವಿಕೆಗಾಗಿ ಕಾಯುತ್ತಿದ್ದಾರೆ. ಇನ್ನೂ ಸಿಕ್ಕಿಲ್ಲ. ನಮ್ಮಲ್ಲೂ ಜಾರ್ಖಂಡಿನ ಜಾದೂಗುಡ ಯುರೇನಿಯಂ ಗಣಿಯಲ್ಲಿ, 555 ಮೀಟರ್ ಆಳದಲ್ಲಿ, 2017ರಿಂದ ಒಂದು ಪ್ರಯೋಗಶಾಲೆ ಇದೆ.

ಸಿಕ್ಕಿಲ್ಲ ಎಂಬುದೇ ಹೊಸಬರಿಗೆ ಬಾಗಿಲು ತೆರೆದಿಟ್ಟಿದೆ. ಉತ್ತರ ಸಿಕ್ಕ ಪ್ರಶ್ನೆಗೆ ಹೊಸಬರನ್ನು ಸಂಬಳ ಕೊಟ್ಟು ಯಾರೂ ಕರೆಯುವುದಿಲ್ಲ.

ಪೋಸ್ಟ್‌ಡಾಕ್ ದಿನಗಳಲ್ಲಿ ಏನಾಗಬಹುದು ಎಂಬುದಕ್ಕೆ ಸಿ.ವಿ. ವಿಶ್ವೇಶ್ವರ ಅವರನ್ನು ನೋಡಬೇಕು. ಬೆಂಗಳೂರಿನವರು, ಕನ್ನಡ ಸಾಹಿತಿ ಸಿ.ಕೆ. ವೆಂಕಟರಾಮಯ್ಯನವರ ಮಗ. ಅಮೆರಿಕದ ಮೇರಿಲ್ಯಾಂಡಿನಲ್ಲಿ ಪಿಎಚ್.ಡಿ. ಮುಗಿಸಿ ನ್ಯೂಯಾರ್ಕಿನಲ್ಲಿದ್ದಾಗ, 1970ರಲ್ಲಿ ಅವರ ಒಂದು ಚಿಕ್ಕ ಲೇಖನ 'ನೇಚರ್' ಪತ್ರಿಕೆಯಲ್ಲಿ ಬಂತು. ಕಪ್ಪುಕುಳಿಯನ್ನು ಅಲುಗಿಸಿದರೆ ಅದು ತನ್ನದೇ ನಾದದಲ್ಲಿ ಮಿಡಿದು ನಿಧಾನಕ್ಕೆ ಅಡಗುತ್ತದೆ ಎಂಬುದನ್ನು ಲೆಕ್ಕದಿಂದ ತೋರಿಸಿದ್ದರು. ಕಪ್ಪುಕುಳಿ ಇದೆಯೋ ಇಲ್ಲವೋ ಎಂದೇ ಅನುಮಾನಿಸುತ್ತಿದ್ದ ಕಾಲ ಅದು. ಅವರು ಹೇಳಿದ ಆ ಮಿಡಿತದ ಗುರುತು 2015ರ ಸೆಪ್ಟೆಂಬರ್ 14ರಂದು ಗುರುತ್ವದ ಅಲೆಗಳನ್ನು ಹಿಡಿಯುವ ಲೈಗೊ ಉಪಕರಣಗಳಲ್ಲಿ ಮೂಡಿತು, ನಲವತ್ತೈದು ವರ್ಷದ ಮೇಲೆ. 2017ರ ಜನವರಿಯಲ್ಲಿ ತೀರಿಕೊಂಡ ವಿಶ್ವೇಶ್ವರ ಅದನ್ನು ನೋಡಿಯೇ ಹೋದರು. ಬೆಂಗಳೂರಿನ ನೆಹರೂ ತಾರಾಲಯದ ಮೊದಲ ನಿರ್ದೇಶಕರೂ ಅವರೇ.

ಅವರು ಪಟ್ಟಣದವರು, ಓದಿನ ಮನೆಯವರು ಎನ್ನುವಿರಾದರೆ ಯು.ಆರ್. ರಾವ್ ಇದ್ದಾರೆ. ಉಡುಪಿ ಸಮೀಪದ ಅದಮಾರು ಎಂಬ ಹಳ್ಳಿಯ ಹುಡುಗ. ಇಂಟರ್‌ಮೀಡಿಯೆಟ್ ಓದಿದ್ದು ನಮ್ಮ ಬಳ್ಳಾರಿಯ ವೀರಶೈವ ಕಾಲೇಜಿನಲ್ಲಿ, ಬಿ.ಎಸ್ಸಿ. ಅನಂತಪುರದಲ್ಲಿ. ವಿಕ್ರಮ್ ಸಾರಾಭಾಯಿ ಅವರ ಬಳಿ ಪಿಎಚ್.ಡಿ. ಮುಗಿಸಿ ಅಮೆರಿಕದ ಎಂ.ಐ.ಟಿ.ಗೆ ಪೋಸ್ಟ್‌ಡಾಕ್ ಆಗಿ ಹೋದರು. ಅಲ್ಲಿ ಮ್ಯಾರಿನರ್-2 ನೌಕೆಯ ಅಳತೆಗಳನ್ನು ಹಿಡಿದು ಸೌರಮಾರುತ ಎಡೆಬಿಡದೆ ಬೀಸುತ್ತದೆ ಎಂಬುದನ್ನು ತೋರಿಸಿದವರಲ್ಲಿ ಒಬ್ಬರಾದರು. 1966ರಲ್ಲಿ ದೇಶಕ್ಕೆ ಮರಳಿದರು. 1975ರಲ್ಲಿ ಆರ್ಯಭಟ ಉಪಗ್ರಹ ಹಾರಿದ್ದು ಅವರ ಮುಂದಾಳುತನದಲ್ಲಿ. ಬಳ್ಳಾರಿಯ ಬಿಸಿಲಿನಲ್ಲಿ ಓದಿದ ಹುಡುಗ ಎಂದು ನಾವೂ ಎದೆತಟ್ಟಿ ಹೇಳಿಕೊಳ್ಳಬಹುದು.

ಇನ್ನು ಮನೆಯ ಮಾತಿಗೆ ಬರೋಣ, ಏಕೆಂದರೆ ನಮ್ಮ ಕಡೆ ದಾರಿ ತುಂಡಾಗುವುದು ಅಲ್ಲೇ. ಹಡಗಲಿ ಕಡೆಯ ಒಂದು ಮನೆಯ ಪಡಸಾಲೆಯಲ್ಲಿ ತಾಯಿ ಮಗಳು ಆಡಿದ ಮಾತು ನನ್ನ ಕಿವಿಯಲ್ಲಿದೆ.

"ಇನ್ನೂ ಎಷ್ಟು ವರ್ಷ ಓದ್ತೀಯವ್ವಾ? ನಿನ್ನ ವಾರಿಗೆಯವ್ರಿಗೆ ಮಕ್ಳಾಗಿ ಸಾಲಿಗೆ ಹೊಂಟಾವ."

"ಓದೋದು ಮುಗದೈತಿ ಯವ್ವಾ. ಈಗ ಮಾಡೋದು ಕೆಲಸನ. ತಿಂಗಳಾ ಪಗಾರ ಬರ್ತೈತಿ."

"ಪಗಾರ ಬರೋ ಕೆಲಸಕ್ಕೆ ಎರಡು ವರ್ಷ ಅಂತ ಗಡುವು ಯಾಕ?"

ತಾಯಿಯ ಕೊನೆಯ ಪ್ರಶ್ನೆ ಸರಿಯಾದ ಪ್ರಶ್ನೆ. ಅದಕ್ಕೆ ನೇರ ಉತ್ತರ ಕೊಡಬೇಕು. ಪಿಎಚ್.ಡಿ.ಯಲ್ಲಿ ಒಬ್ಬ ಗುರುವಿನ ಕೈಕೆಳಗೆ ಒಂದು ಸಮಸ್ಯೆ ಬಿಡಿಸಲು ಕಲಿತಿರುತ್ತಾರೆ. ಪೋಸ್ಟ್‌ಡಾಕ್‌ನಲ್ಲಿ ಸಮಸ್ಯೆಯನ್ನು ತಾವೇ ಹುಡುಕಿಕೊಳ್ಳಬೇಕು, ಬೇರೆ ಊರಿನ ಬೇರೆ ಯೋಚನೆಯ ಜನರೊಂದಿಗೆ ಸೇರಿ ಕೆಲಸ ಮಾಡಬೇಕು. ಕೊನೆಗೆ ಹೊಸ ಪದವಿಯೇನೂ ಸಿಗುವುದಿಲ್ಲ. ಒಂದು ಮುಗಿದ ಮೇಲೆ ಇನ್ನೊಂದು ಕಡೆ ಎರಡು ವರ್ಷ, ಕೆಲವರಿಗೆ ಮೂರನೆಯದೂ ಆಗುತ್ತದೆ. ಬಿ.ಎಸ್ಸಿ.ಯಿಂದ ಲೆಕ್ಕ ಹಿಡಿದರೆ ಕಾಯಂ ಹುದ್ದೆಗೆ ಬರುವ ಹೊತ್ತಿಗೆ ವಯಸ್ಸು ಮೂವತ್ತೈದರ ಹತ್ತಿರ ಬಂದಿರುತ್ತದೆ. ಎಲ್ಲರಿಗೂ ಪ್ರಾಧ್ಯಾಪಕ ಹುದ್ದೆ ಸಿಗುವುದೂ ಇಲ್ಲ. ಸಿಗದವರು ಬೀದಿಗೆ ಬೀಳುವುದಿಲ್ಲ. ಅದೇ ಗಣಿತ, ಅದೇ ಕಂಪ್ಯೂಟರ್ ಕಲಿಕೆಯಿಂದ ದತ್ತಾಂಶ ವಿಶ್ಲೇಷಣೆ, ಬ್ಯಾಂಕು, ಸಾಫ್ಟ್‌ವೇರ್ ಕಡೆ ಒಳ್ಳೆಯ ಕೆಲಸಕ್ಕೆ ಹೋಗುತ್ತಾರೆ. ಇದನ್ನು ಮುಚ್ಚಿಟ್ಟು ಮಕ್ಕಳನ್ನು ಹುರಿದುಂಬಿಸುವುದು ನನಗೆ ಒಪ್ಪಿತವಲ್ಲ. ಮನೆಯವರಿಗೆ ಈ ಲೆಕ್ಕ ಮೊದಲೇ ಗೊತ್ತಿದ್ದರೆ ನಡುವೆ ಮನಸ್ತಾಪ ಬರುವುದಿಲ್ಲ. ಪಿಎಚ್.ಡಿ. ಅವಧಿಯಲ್ಲೂ ಫೆಲೋಶಿಪ್ ಹಣ ಬರುತ್ತದೆ ಎಂಬುದು ಎಷ್ಟೋ ತಂದೆತಾಯಿಗೆ ತಿಳಿದೇ ಇಲ್ಲ. ಹೊಲ ಮಾರಿ ಓದಿಸಬೇಕು ಎಂದುಕೊಂಡು ಮೊದಲ ಹೆಜ್ಜೆಗೇ ಬೇಡ ಎಂದುಬಿಡುತ್ತಾರೆ.

ಹೆಣ್ಣುಮಕ್ಕಳ ಮನೆಯವರಿಗೆ ಇನ್ನೊಂದು ಮಾತು. ವೆರಾ ರೂಬಿನ್ ಅವರ ಕಾಲದಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಹೆಣ್ಣುಮಕ್ಕಳನ್ನು ಖಗೋಳವಿಜ್ಞಾನದ ಉನ್ನತ ತರಗತಿಗೆ ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ಅವರು ಬೇರೆ ಕಡೆ ಓದಿದರು, ಮಕ್ಕಳನ್ನು ಸಾಕುತ್ತಲೇ ಪಿಎಚ್.ಡಿ. ಮಾಡಿದರು. ಇಂದು ಚಿಲಿ ದೇಶದ ಬೆಟ್ಟದ ಮೇಲೆ ಅವರ ಹೆಸರಿನ ಮಹಾ ದೂರದರ್ಶಕವಿದೆ. ಅದರ ಮೊದಲ ಚಿತ್ರಗಳು 2025ರ ಜೂನ್‌ನಲ್ಲಿ ಹೊರಬಂದವು. ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ ದಶಕಗಳ ಕಾಲ ಕಣಭೌತವಿಜ್ಞಾನ ಕಲಿಸಿದ ರೋಹಿಣಿ ಗೋಡಬೋಲೆ, ಭಾರತದ ಮಹಿಳಾ ವಿಜ್ಞಾನಿಗಳ ಬದುಕನ್ನು ಒಂದು ಪುಸ್ತಕದಲ್ಲಿ ಒಟ್ಟುಗೂಡಿಸಿದವರು. 2024ರ ಅಕ್ಟೋಬರ್‌ನಲ್ಲಿ ಅವರು ನಮ್ಮನ್ನು ಅಗಲಿದರು.

ಅರ್ಜಿಯ ವಿಚಾರ. ಸೈದ್ಧಾಂತಿಕ ಭೌತವಿಜ್ಞಾನದ ಪೋಸ್ಟ್‌ಡಾಕ್ ಅರ್ಜಿಗಳ ಸುಗ್ಗಿ ಸೆಪ್ಟೆಂಬರ್‌ನಿಂದ ಡಿಸೆಂಬರ್. ಕೆಲಸಕ್ಕೆ ಸೇರುವುದು ಮುಂದಿನ ವರ್ಷದ ಅದೇ ಹೊತ್ತಿಗೆ. ಅಂದರೆ ಪಿಎಚ್.ಡಿ. ಪ್ರಬಂಧ ಕೈಗೆ ಬಂದ ಮೇಲೆ ಹುಡುಕುತ್ತೇನೆಂದರೆ ಒಂದು ವರ್ಷ ಹೋದಂತೆಯೇ. ಸ್ವವಿವರ, ಪ್ರಕಟವಾದ ಲೇಖನಗಳ ಪಟ್ಟಿ, ಮುಂದೆ ಏನು ಮಾಡಬೇಕೆಂದಿದ್ದೀರಿ ಎಂಬ ಎರಡು ಮೂರು ಪುಟದ ಬರಹ, ಮೂವರು ಬಲ್ಲವರ ಶಿಫಾರಸು ಪತ್ರ, ಇಷ್ಟೇ ಕೇಳುವುದು. ಲಿಖಿತ ಪರೀಕ್ಷೆ ಇಲ್ಲ. ನಮ್ಮ ಮಕ್ಕಳು ಸೋಲುವುದು ಆ ಮೂರು ಪತ್ರಗಳಲ್ಲಿ. ಅವು ಹೊಗಳಿಕೆಯ ಪತ್ರಗಳಲ್ಲ. ಈ ಹುಡುಗಿ ಇಂಥ ಲೆಕ್ಕವನ್ನು ಹೀಗೆ ಬಿಡಿಸಿದಳು, ಇಲ್ಲಿ ನನಗೇ ಹೊಳೆಯದ್ದು ಅವಳಿಗೆ ಹೊಳೆಯಿತು ಎಂದು ಕಣ್ಣಾರೆ ಕಂಡವರು ಬರೆಯಬೇಕು. ಅದಕ್ಕೆ ಪಿಎಚ್.ಡಿ. ದಿನಗಳಲ್ಲೇ ಬೇರೆ ಸಂಸ್ಥೆಗಳ ಕಾರ್ಯಾಗಾರಗಳಿಗೆ ಹೋಗಬೇಕು, ಎದ್ದು ನಿಂತು ಪ್ರಶ್ನೆ ಕೇಳಬೇಕು, ಇಂಗ್ಲಿಷ್ ತಡವರಿಸಿದರೂ ಮಾತಾಡಬೇಕು. ಗೆಲಾಕ್ಸಿಯ ಲೆಕ್ಕ ಸರಿಯಿದ್ದರೆ ಉಚ್ಚಾರಣೆಯನ್ನು ಯಾರೂ ಎಣಿಸುವುದಿಲ್ಲ. ಈ ಮಾತನ್ನು ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ದಯವಿಟ್ಟು ನಂಬಬೇಕು.

ಬೆಂಗಳೂರಿನ ಐಐಎಸ್‌ಸಿಯ ಉನ್ನತ ಶಕ್ತಿ ಭೌತವಿಜ್ಞಾನ ಕೇಂದ್ರ, ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆ, ಕೋರಮಂಗಲದ ಖಭೌತವಿಜ್ಞಾನ ಸಂಸ್ಥೆ, ಹೆಸರಘಟ್ಟ ಕಡೆಯ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರ ಐಸಿಟಿಎಸ್, ಇವೆಲ್ಲ ಕೊಟ್ಟೂರಿನಿಂದ ಒಂದು ರಾತ್ರಿಯ ಬಸ್ಸಿನ ದೂರದಲ್ಲಿವೆ. ಐಐಎಸ್‌ಸಿ ವರ್ಷಕ್ಕೊಂದು ದಿನ ಎಲ್ಲ ಪ್ರಯೋಗಾಲಯಗಳ ಬಾಗಿಲನ್ನು ಜನರಿಗೆ ತೆರೆದಿಡುತ್ತದೆ. ಅದರ ಇನ್ನೊಂದು ಆವರಣ ಕೂಡ್ಲಿಗಿಯಿಂದ ದೂರವಲ್ಲದ ಚಳ್ಳಕೆರೆಯ ಕುದಾಪುರದಲ್ಲೇ ಇದೆ. ಅಲ್ಲಿ ಶಾಲೆ ಕಾಲೇಜುಗಳ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ನಮ್ಮ ಶಿಕ್ಷಕರು ಅದನ್ನು ಬಿಡಬಾರದು. ಪುಣೆಯ ಖಗೋಳವಿಜ್ಞಾನ ಸಂಸ್ಥೆ ಐಯೂಕಾ ಕಾಲೇಜು ಅಧ್ಯಾಪಕರನ್ನು ತನ್ನ ಸಹವರ್ತಿಗಳಾಗಿ ಸೇರಿಸಿಕೊಂಡು ಆಗಾಗ ಅಲ್ಲಿ ಬಂದು ಕೆಲಸ ಮಾಡಲು ಅವಕಾಶ ಕೊಡುತ್ತದೆ. ಆ ಅವಕಾಶವನ್ನೂ ನಮ್ಮ ಅಧ್ಯಾಪಕರು ಹುಡುಕಿಕೊಂಡು ಹೋಗಬೇಕು.

ಬಿ.ಎಸ್ಸಿ.ಯಲ್ಲಿರುವವರಿಗೆ ಪೋಸ್ಟ್‌ಡಾಕ್ ಹತ್ತು ವರ್ಷ ಆಚೆಯ ಮಾತು. ಅವರಿಗೆ ಈ ವರ್ಷದ ಕೆಲಸ ಬೇರೆ. ಜಾಮ್ ಪರೀಕ್ಷೆ ಬರೆದು ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್.ಡಿ.ಗೆ ಯತ್ನಿಸಬಹುದು, ಎಂ.ಎಸ್ಸಿ. ಮುಗಿಸುವವರು ಜೆಸ್ಟ್, ಗೇಟ್, ನೆಟ್ ಬರೆಯಬಹುದು. ಅದಕ್ಕೂ ಮೊದಲು, ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಬೇಸಿಗೆ ರಜೆಯಲ್ಲಿ ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಸಂಶೋಧಕರೊಬ್ಬರ ಬಳಿ ಎರಡು ತಿಂಗಳ ಮಟ್ಟಿಗೆ ಕೆಲಸಕ್ಕೆ ಕಳಿಸುತ್ತದೆ, ಖರ್ಚಿಗೆ ಹಣವನ್ನೂ ಕೊಡುತ್ತದೆ. ಅರ್ಜಿ ಕರೆಯುವುದು ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲಿ. ಅರ್ಜಿಯ ಜೊತೆ ಅಧ್ಯಾಪಕರ ಒಂದು ಪತ್ರ ಬೇಕು, ಯಾವ ವಿಷಯದ ಮೇಲೆ ಏಕೆ ಕೆಲಸ ಮಾಡಬೇಕು ಎಂಬ ಚಿಕ್ಕ ಬರಹವೂ ಬೇಕು. ಆ ಬರಹದಲ್ಲಿ ನಾವು ಈಗ ಹಾಕಿದ ಲೆಕ್ಕವನ್ನೇ, ಭೂಮಿಯೊಳಗಿನ ಆ ಅರ್ಧ ಕಿಲೋದ ಲೆಕ್ಕವನ್ನೇ, ಸ್ವಂತ ಕೈಯಿಂದ ಮಾಡಿ ಬರೆಯಿರಿ. ಪತ್ರ ಬೇಕಾದವರು ನಿಮ್ಮ ಕಾಲೇಜಿನ ಭೌತಶಾಸ್ತ್ರ ಮೇಷ್ಟ್ರನ್ನು ಈ ವಾರವೇ ಹೋಗಿ ಕೇಳಿ.